ಕಿವಿ ಗುಗ್ಗೆ ತೆಗೆಯುವಿಕೆ: ಅಮೆರಿಕದ ಬಿಲ್ಲಿಂಗ್ ಮತ್ತು ಕೋಡಿಂಗ್

ಕಿವಿಯಲ್ಲಿ ಗಟ್ಟಿಯಾಗಿ ಕಟ್ಟಿಕೊಂಡ ಗುಗ್ಗೆಯನ್ನು ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲೇ ತೆಗೆದಾಗ ಆ ಕೆಲಸವನ್ನು ಕೋಡುಗಳಲ್ಲಿ ದಾಖಲಿಸಿ ವಿಮೆಯಿಂದ ಹಣ ಕೇಳುವ ಅಮೆರಿಕದ ಪದ್ಧತಿ ಈ ಲೇಖನದ ವಿಷಯ. ಕೆಲಸ ಕೆಲವೇ ನಿಮಿಷಗಳದ್ದು. ಆದರೆ ಹಣ ಕೈಸೇರಲು ಏನು ಮಾಡಲಾಯಿತು ಎಂದು ಹೇಳುವ ಐದಂಕಿಯ ಕೋಡ್, ಏಕೆ ಮಾಡಬೇಕಾಯಿತು ಎಂದು ಹೇಳುವ ರೋಗನಿದಾನದ ಕೋಡ್, ಸಂದರ್ಭ ನೋಡಿಕೊಂಡು ಕೋಡಿಗೆ ಸೇರಿಸುವ ಮಾಡಿಫೈಯರ್ ಎಂಬ ಗುರುತು, ಇವೆಲ್ಲಕ್ಕೂ ಆಧಾರವಾಗಿ ವೈದ್ಯರ ಟಿಪ್ಪಣಿ ಬೇಕು. ಬಳಕೆಯಲ್ಲಿರುವ ಮುಖ್ಯ ಕೋಡುಗಳು ಮೂರು: ಸಲಕರಣೆಯಿಂದ ತೆಗೆದರೆ 69210, ನೀರು ಹಾಯಿಸಿ ತೆಗೆದರೆ 69209, ಶ್ರವಣ ಪರೀಕ್ಷೆಯ ದಿನವೇ ವೈದ್ಯರು ತೆಗೆದುಕೊಟ್ಟರೆ ಜಿ0268. ಗುಗ್ಗೆ ಹೊರಬಂತು ಎಂಬ ಕಾರಣಕ್ಕೇ ಇವುಗಳಲ್ಲಿ ಯಾವುದಕ್ಕೂ ಹಣ ಸಿಗುವುದಿಲ್ಲ. ಅದನ್ನು ತೆಗೆಯಲೇಬೇಕಾಗಿತ್ತು, ಹೀಗೆ ತೆಗೆಯಬೇಕಾಯಿತು ಎಂದು ಟಿಪ್ಪಣಿ ತೋರಿಸಿಕೊಡಬೇಕು. ಈ ವಿಷಯದಲ್ಲಿ ಹುಟ್ಟುವ ತಕರಾರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲೇ ಇದೆ.

ಗುಗ್ಗೆ ಯಾವಾಗ ತೊಂದರೆ

ಗುಗ್ಗೆ ಕಾಯಿಲೆಯಲ್ಲ. ಕಿವಿನಾಳದ ಹೊರಭಾಗದ ಗ್ರಂಥಿಗಳ ಸ್ರಾವ, ಉದುರಿದ ಚರ್ಮದ ಕಣ, ಧೂಳು ಸೇರಿ ಅದು ಆಗುತ್ತದೆ. ನಾಳದ ಚರ್ಮಕ್ಕೆ ರಕ್ಷಣೆ ಕೊಡುತ್ತದೆ, ನೀರು ಮತ್ತು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಮಾತಾಡುವಾಗ, ಅಗಿಯುವಾಗ ದವಡೆ ಆಡುವುದರಿಂದ ತಾನಾಗಿಯೇ ಹೊರಗೆ ಸರಿಯುತ್ತದೆ. ಹತ್ತಿಕಡ್ಡಿ ಹಾಕಿದವರು ಅದನ್ನು ಒಳಕ್ಕೆ ತಳ್ಳಿಬಿಡುತ್ತಾರೆ. ಶ್ರವಣಯಂತ್ರ ಹಾಕಿಕೊಳ್ಳುವವರಲ್ಲಿ ಮತ್ತು ವಯಸ್ಸಾದವರಲ್ಲಿ ಅದು ಸುಲಭವಾಗಿ ಹೊರಬಾರದೆ ಉಳಿದುಬಿಡುತ್ತದೆ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯ ಪ್ರತಿಷ್ಠಾನ 2008ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಹೀಗೆ ಗುಗ್ಗೆ ಕಟ್ಟಿಕೊಳ್ಳುವ ತೊಂದರೆ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ, ದೊಡ್ಡವರಲ್ಲಿ ಇಪ್ಪತ್ತರಲ್ಲಿ ಒಬ್ಬರಿಗೆ ಇರುತ್ತದೆ. ವೃದ್ಧರಲ್ಲಿ ಮತ್ತು ಬೌದ್ಧಿಕ ಬೆಳವಣಿಗೆ ಕುಂಠಿತವಾದವರಲ್ಲಿ ಅದು ಮೂರರಲ್ಲಿ ಒಂದು ಪಾಲನ್ನೂ ಮೀರುತ್ತದೆ. ಕಿವಿಯಲ್ಲಿ ಮೇಣದ ಬತ್ತಿ ಹಚ್ಚುವ ಚಿಕಿತ್ಸೆ ಬೇಡ ಎಂದೂ, ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುವ ಗುಗ್ಗೆಯನ್ನು ವಾಡಿಕೆಯಂತೆ ತೆಗೆಯಬೇಕಿಲ್ಲ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ.

ಬಿಲ್ಲಿನ ದೃಷ್ಟಿಯಿಂದ ಈ ಕೊನೆಯ ಮಾತಿಗೆ ಬಹಳ ಬೆಲೆ ಇದೆ. ಸುಮ್ಮನಿರುವ ಗುಗ್ಗೆಯನ್ನು ತೆಗೆದರೆ ಅದಕ್ಕೆ ಬೇರೆ ಕೋಡ್ ಇಲ್ಲ. ಅದು ಆ ದಿನದ ಭೇಟಿಯ ಶುಲ್ಕದೊಳಗೇ ಸೇರಿಹೋಗುತ್ತದೆ. ಕಟ್ಟಿಕೊಂಡ ಗುಗ್ಗೆ ಎನ್ನಲು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಕೋಡಿಂಗ್ ವಿವರಣೆ 2005ರಲ್ಲಿ ನಾಲ್ಕು ಲಕ್ಷಣಗಳನ್ನು ಕೊಟ್ಟಿತು. ಅವುಗಳಲ್ಲಿ ಒಂದಿದ್ದರೂ ಸಾಕು. ಗುಗ್ಗೆ ಅಡ್ಡ ಬಂದು ಕಿವಿನಾಳ, ಕಿವಿತಮಟೆ ಅಥವಾ ನಡುಗಿವಿಯ ಸ್ಥಿತಿಯನ್ನು ಪರೀಕ್ಷಿಸಲು ಆಗದಿರುವುದು ಮೊದಲನೆಯದು. ಒಣಗಿ ಕಲ್ಲಿನಂತಾದ ಗುಗ್ಗೆ ನೋವನ್ನೋ ತುರಿಕೆಯನ್ನೋ ಕಿವುಡುತನವನ್ನೋ ತಂದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ದುರ್ವಾಸನೆ, ಸೋಂಕು ಅಥವಾ ಚರ್ಮದ ಉರಿಯೂತದ ಜೊತೆಗಿದ್ದರೆ ಮೂರನೆಯದು. ಹಿಗ್ಗಿಸಿ ತೋರಿಸುವ ಸಾಧನ, ಒಂದಕ್ಕಿಂತ ಹೆಚ್ಚು ಸಲಕರಣೆ, ವೈದ್ಯರ ನುರಿತ ಕೈ ಇಲ್ಲದೆ ತೆಗೆಯಲಾಗದಷ್ಟು ತುಂಬಿಕೊಂಡಿದ್ದರೆ ನಾಲ್ಕನೆಯದು. ‘ಕಿವಿಯಲ್ಲಿ ಗುಗ್ಗೆ ಇತ್ತು, ತೆಗೆದೆವು’ ಎಂದಷ್ಟೇ ಬರೆದ ಟಿಪ್ಪಣಿ ಈ ನಾಲ್ಕರಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ರೋಗನಿದಾನದ ಕೋಡ್ ಇದಕ್ಕಿಂತ ಸರಳ. 2015ರ ಅಕ್ಟೋಬರ್ 1ರವರೆಗೆ ಜಾರಿಯಲ್ಲಿದ್ದ ಹಳೆಯ ಪಟ್ಟಿಯಲ್ಲಿ 380.4 ಎಂಬ ಒಂದೇ ಕೋಡ್ ಇತ್ತು. ಅದು ಯಾವ ಕಿವಿ ಎಂದು ಹೇಳುತ್ತಿರಲಿಲ್ಲ. ಅಂದಿನಿಂದ ಜಾರಿಗೆ ಬಂದ ಐಸಿಡಿ-10-ಸಿಎಂ ಪಟ್ಟಿಯಲ್ಲಿ ಬಲಗಿವಿಗೆ ಎಚ್61.21, ಎಡಗಿವಿಗೆ ಎಚ್61.22, ಎರಡಕ್ಕೂ ಎಚ್61.23 ಇವೆ. ಯಾವ ಕಿವಿ ಎಂದು ಗೊತ್ತಿಲ್ಲದಿದ್ದರೆ ಎಚ್61.20 ಉಂಟು. ಕಣ್ಣಾರೆ ನೋಡಿ ಕೈಯಾರೆ ಗುಗ್ಗೆ ತೆಗೆದ ಮೇಲೆ ಯಾವ ಕಿವಿ ಎಂಬುದು ಗೊತ್ತಿಲ್ಲ ಎನ್ನುವ ಕೋಡ್ ಕಳಿಸಿದರೆ ವಿಮಾ ಕಂಪನಿ ಹುಬ್ಬೇರಿಸುವುದು ಸಹಜ.

ಕೋಡುಗಳ ಹಿನ್ನೆಲೆ

ಐದಂಕಿಯ ಕೋಡುಗಳ ಪಟ್ಟಿಗೆ ಸಿಪಿಟಿ ಎಂದು ಹೆಸರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು ಮೊದಲು 1966ರಲ್ಲಿ ಪ್ರಕಟಿಸಿತು. 1983ರಲ್ಲಿ, ವಯಸ್ಸಾದವರಿಗಾಗಿ ಸರ್ಕಾರ ನಡೆಸುವ ವಿಮೆಯಾದ ಮೆಡಿಕೇರ್ ಇದನ್ನು ತನ್ನ ಕೋಡಿಂಗ್ ವ್ಯವಸ್ಥೆಯ ಭಾಗವಾಗಿ ಒಪ್ಪಿಕೊಂಡಿತು. 1996ರ ಹಿಪಾ ಎಂಬ ಆರೋಗ್ಯ ವಿಮಾ ಕಾಯ್ದೆಯ ಅಡಿಯಲ್ಲಿ ಬಂದ ನಿಯಮಗಳು ಇದನ್ನು ಇಡೀ ದೇಶಕ್ಕೆ ಕಡ್ಡಾಯ ಮಾನದಂಡ ಮಾಡಿದವು. ಕಿವಿಗೆ ಸಂಬಂಧಿಸಿದ ಕೋಡುಗಳು ಈ ಪಟ್ಟಿಯ ಶಸ್ತ್ರಚಿಕಿತ್ಸಾ ಭಾಗದಲ್ಲಿವೆ. ಅದರ ಪರಿಣಾಮ ನೇರವಾಗಿ ರೋಗಿಯ ಮೇಲೆ ಆಗುತ್ತದೆ. ಹತ್ತು ನಿಮಿಷ ಕುರ್ಚಿಯಲ್ಲಿ ಕುಳಿತು ಕಿವಿ ಸ್ವಚ್ಛ ಮಾಡಿಸಿಕೊಂಡು ಬಂದವರ ಮನೆಗೆ ವಿಮಾ ಕಂಪನಿಯ ಲೆಕ್ಕಪತ್ರ ಬಂದಾಗ ಅದರಲ್ಲಿ ‘ಶಸ್ತ್ರಚಿಕಿತ್ಸೆ’ ಎಂಬ ಸಾಲು ಕಾಣಿಸಬಹುದು. ಭೇಟಿಗೆ ನಿಗದಿಯಾದ ತಮ್ಮ ಪಾಲು, ಅಂದರೆ ಕೋಪೇ, ಕೊಟ್ಟು ಮುಗಿಯಿತು ಎಂದುಕೊಂಡವರಿಗೆ, ಶಸ್ತ್ರಚಿಕಿತ್ಸೆ ಎಂದು ವರ್ಗವಾದ ಸಾಲು ವಿಮೆ ಹಣ ಕೊಡುವ ಮುನ್ನ ರೋಗಿಯೇ ಭರಿಸಬೇಕಾದ ಡಿಡಕ್ಟಿಬಲ್ಲಿಗೆ ಹೋಗಿ ಇನ್ನೊಂದು ಬಿಲ್ಲಾಗಿ ಬಂದದ್ದೂ ಉಂಟು. ಇದು ಮೋಸವಲ್ಲ, ಪಟ್ಟಿಯ ವಿಂಗಡಣೆ. ಆದರೂ ಕೆಲಸಕ್ಕೆ ಕೈ ಹಾಕುವ ಮುನ್ನ ರೋಗಿಗೆ ಒಂದು ಮಾತು ಹೇಳುವುದು ಕ್ಲಿನಿಕ್ಕಿನ ಕರ್ತವ್ಯ.

ಸಲಕರಣೆ ಅಥವಾ ನೀರು

ಬಹುಕಾಲ ಈ ಕೆಲಸಕ್ಕೆ 69210 ಒಂದೇ ಕೋಡ್ ಇತ್ತು. ಒಟೋಸ್ಕೋಪಿನಲ್ಲಿ ಅಥವಾ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕ್ಯುರೆಟ್, ತಂತಿಯ ಕುಣಿಕೆ, ಕೊಕ್ಕೆ, ಫೋರ್ಸೆಪ್ಸ್, ಸಕ್ಷನ್ ಇಂಥವುಗಳಲ್ಲಿ ಒಂದರಿಂದ ಕಟ್ಟಿಕೊಂಡ ಗುಗ್ಗೆಯನ್ನು ತೆಗೆದರೆ ಅದು ಹೊಂದುತ್ತದೆ. ಮಾಡಬೇಕಾದವರು ವೈದ್ಯರು ಅಥವಾ ನರ್ಸ್ ಪ್ರಾಕ್ಟಿಷನರ್, ಫಿಸಿಷಿಯನ್ ಅಸಿಸ್ಟೆಂಟರಂಥ ಅರ್ಹತೆ ಇರುವವರು. ನರ್ಸ್ ಅಥವಾ ಮೆಡಿಕಲ್ ಅಸಿಸ್ಟೆಂಟ್ ಪಿಚಕಾರಿಯಿಂದ ಬೆಚ್ಚಗಿನ ನೀರು ಹಾಯಿಸಿ ಗುಗ್ಗೆ ತೆಗೆದರೆ ಏನು ಮಾಡಬೇಕು ಎಂಬುದಕ್ಕೆ ಸ್ಪಷ್ಟ ಉತ್ತರ ಇರಲಿಲ್ಲ. ಕೆಲವರು ಅದನ್ನೂ 69210 ಎಂದೇ ಬಿಲ್ ಮಾಡುತ್ತಿದ್ದರು, ಕೆಲವರು ಬಿಲ್ಲೇ ಮಾಡುತ್ತಿರಲಿಲ್ಲ. 2016ರ ಜನವರಿ 1ರಿಂದ 69209 ಜಾರಿಗೆ ಬಂದು ಗೊಂದಲ ತಿಳಿಯಾಯಿತು. ನೀರು ಹಾಯಿಸಿ ತೆಗೆದದ್ದಕ್ಕೆ ಇದೇ ಕೋಡ್. ಇಲ್ಲಿಯೂ ಗುಗ್ಗೆ ಕಟ್ಟಿಕೊಂಡಿರಲೇಬೇಕು, ಆ ನಿಯಮಕ್ಕೆ ವಿನಾಯಿತಿ ಇಲ್ಲ.

ಎರಡು ಕೋಡುಗಳ ಬೆಲೆಯಲ್ಲಿ ದೊಡ್ಡ ಅಂತರ ಇದೆ. ಮೆಡಿಕೇರ್ 1992ರಿಂದ ಪ್ರತಿ ಕೆಲಸವನ್ನೂ ಸಾಪೇಕ್ಷ ಮೌಲ್ಯದ ಅಂಶಗಳಲ್ಲಿ ಅಳೆಯುತ್ತದೆ. ಹಾರ್ವರ್ಡಿನ ವಿಲಿಯಂ ಷಾವೋ ಅವರ ತಂಡದ ಅಧ್ಯಯನ ಇದಕ್ಕೆ ತಳಹದಿ. ವೈದ್ಯರ ಶ್ರಮ, ಕ್ಲಿನಿಕ್ಕಿನ ಖರ್ಚು, ವೃತ್ತಿ ವಿಮೆಯ ಖರ್ಚು ಎಂಬ ಮೂರು ಭಾಗಗಳನ್ನು ಸ್ಥಳಕ್ಕೆ ತಕ್ಕಂತೆ ಹೊಂದಿಸಿ, ಕೂಡಿಸಿ, ಡಾಲರಿನ ಗುಣಕದಿಂದ ಗುಣಿಸಿದರೆ ದರ ಸಿಗುತ್ತದೆ. 69210ರಲ್ಲಿ ವೈದ್ಯರ ಶ್ರಮಕ್ಕೆ ಬಹು ವರ್ಷ 0.61 ಅಂಶ ಇತ್ತು. 69209ರಲ್ಲಿ ಅದು ಸೊನ್ನೆ, ಏಕೆಂದರೆ ನೀರು ಹಾಯಿಸುವುದನ್ನು ಸಿಬ್ಬಂದಿಯ ಕೆಲಸ ಎಂದೇ ಲೆಕ್ಕ ಹಾಕಲಾಗಿದೆ. ಮೆಡಿಕೇರ್ ಇತ್ತೀಚಿನ ವರ್ಷಗಳಲ್ಲಿ ಕ್ಲಿನಿಕ್ಕಿನಲ್ಲಿ ಮಾಡಿದ 69210ಕ್ಕೆ ಐವತ್ತು ಡಾಲರಿನ ಆಸುಪಾಸು ಕೊಡುತ್ತ ಬಂದಿದೆ, 69209ಕ್ಕೆ ಸುಮಾರು ಅದರ ಮೂರನೇ ಒಂದು ಪಾಲು. ವೈದ್ಯರೇ ನಿಂತು ನೀರು ಹಾಯಿಸಿದರೂ ಕೋಡ್ 69209 ಆಗಿಯೇ ಉಳಿಯುತ್ತದೆ. ಯಾರು ಮಾಡಿದರು ಎಂಬುದಕ್ಕಿಂತ ಹೇಗೆ ಮಾಡಿದರು ಎಂಬುದೇ ಇಲ್ಲಿ ಮುಖ್ಯ.

ಒಂದೇ ಕಿವಿಗೆ ಎರಡೂ ವಿಧಾನ ಬಳಸುವುದು ಕ್ಲಿನಿಕ್ಕಿನಲ್ಲಿ ದಿನಾ ನಡೆಯುತ್ತದೆ. ನರ್ಸ್ ಮೊದಲು ನೀರು ಹಾಯಿಸುತ್ತಾರೆ, ಅರ್ಧ ಬರುತ್ತದೆ, ಉಳಿದದ್ದನ್ನು ವೈದ್ಯರು ಕ್ಯುರೆಟ್ಟಿನಿಂದ ಕಿತ್ತು ತೆಗೆಯುತ್ತಾರೆ. ಆಗ 69210 ಮಾತ್ರ. ಎರಡನ್ನೂ ಒಂದೇ ಕಿವಿಗೆ ಹಾಕಬಾರದು ಎಂದು ಸಿಪಿಟಿ ಸ್ಪಷ್ಟವಾಗಿ ಬರೆದಿದೆ. ಬಲಗಿವಿಗೆ ಸಲಕರಣೆ, ಎಡಗಿವಿಗೆ ನೀರು ಎಂದಾದರೆ ಎರಡು ಸಾಲುಗಳನ್ನೂ ಹಾಕಬಹುದು, ಆದರೆ ಕಿವಿಗಳು ಬೇರೆ ಎಂದು ಮಾಡಿಫೈಯರಿನಿಂದ ತೋರಿಸಬೇಕು. ಗುಗ್ಗೆ ಮೆದುವಾಗಲೆಂದು ಹನಿ ಹಾಕಿ ಕಳಿಸಿದ್ದಕ್ಕೆ ಪ್ರತ್ಯೇಕ ಶುಲ್ಕ ಇಲ್ಲ. ಗುಗ್ಗೆಯನ್ನು ಹೊರಗಿನಿಂದ ಬಂದ ವಸ್ತು ಎಂದು ಭಾವಿಸಿ 69200 ಹಾಕುವುದೂ ತಪ್ಪು. ಆ ಕೋಡ್ ಮಕ್ಕಳು ಕಿವಿಗೆ ತುರುಕಿಕೊಂಡ ಮಣಿ, ಕಾಳು, ಒಳಹೊಕ್ಕ ಹುಳು ಇಂಥವಕ್ಕೆ.

ನೀರಿನ ವಿಧಾನ ಅಗ್ಗ ಎಂದು ಎಲ್ಲರಿಗೂ ಅದನ್ನೇ ಮಾಡಲಾಗುವುದಿಲ್ಲ. ಕಿವಿತಮಟೆಯಲ್ಲಿ ತೂತಿದ್ದವರು, ಕಿವಿಯಲ್ಲಿ ಟ್ಯೂಬ್ ಇಟ್ಟವರು, ಕಿವಿಯ ಶಸ್ತ್ರಚಿಕಿತ್ಸೆ ಆದವರ ವಿಷಯದಲ್ಲಿ ನೀರು ಅಪಾಯ ತರಬಹುದು. ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಂದಿದವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಿಗೆ ಯಾವ ವಿಧಾನವಾದರೂ ಎಚ್ಚರ ಬೇಕು. ಇಂಥ ಕಾರಣವನ್ನು ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿಟ್ಟರೆ, ಹೆಚ್ಚು ದರದ ಕೋಡ್ ಏಕೆ ಎಂದು ಮುಂದೆ ಯಾರಾದರೂ ಕೇಳಿದಾಗ ಉತ್ತರ ಸಿದ್ಧವಿರುತ್ತದೆ. ಅದಕ್ಕೂ ಮಿಗಿಲಾಗಿ, ಮುಂದಿನ ಸಲ ಆ ರೋಗಿಯನ್ನು ನೋಡುವವರಿಗೆ ಎಚ್ಚರಿಕೆ ಸಿಗುತ್ತದೆ.

ಎರಡು ಕಿವಿಯ ಲೆಕ್ಕ

2014ಕ್ಕೆ ಮೊದಲು 69210ರ ವಿವರಣೆಯಲ್ಲಿ ‘ಒಂದು ಅಥವಾ ಎರಡೂ ಕಿವಿ’ ಎಂದಿತ್ತು. 2014ರಲ್ಲಿ ಅದನ್ನು ‘ಒಂದು ಕಿವಿ’ ಎಂದು ಬದಲಿಸಲಾಯಿತು. ಸಿಪಿಟಿಯ ಪ್ರಕಾರ ಎರಡೂ ಕಿವಿಗೆ ಮಾಡಿದರೆ ಮಾಡಿಫೈಯರ್ 50 ಸೇರಿಸಬೇಕು, ಶುಲ್ಕವೂ ಅದಕ್ಕೆ ತಕ್ಕಂತೆ ಏರಬೇಕು. ಮೆಡಿಕೇರ್ ಇದನ್ನು ಒಪ್ಪಲಿಲ್ಲ. ಗುಗ್ಗೆ ಕಟ್ಟಿಸುವ ದೇಹಕ್ರಿಯೆ ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ ನಡೆಯುತ್ತದೆ, ಆದ್ದರಿಂದ ಈ ಕೆಲಸ ಎರಡೂ ಕಿವಿಗಳಿಗೇ ಆಗುವಂಥದ್ದು, ಹಳೆಯ ದರದಲ್ಲೇ ಎರಡೂ ಸೇರಿವೆ ಎಂಬುದು ಅದರ ವಾದ. ಹೀಗಾಗಿ ಮೆಡಿಕೇರ್ ರೋಗಿಗೆ ಒಂದು ಕಿವಿ ಮಾಡಿದರೂ ಎರಡು ಮಾಡಿದರೂ 69210ಕ್ಕೆ ಒಂದೇ ದರ. ಖಾಸಗಿ ಕಂಪನಿಗಳಲ್ಲಿ ಕೆಲವು 50ಕ್ಕೆ ಒಂದೂವರೆ ಪಟ್ಟು ಕೊಡುತ್ತವೆ. ಕೆಲವು ಮೆಡಿಕೇರಿನ ದಾರಿಯನ್ನೇ ಹಿಡಿದಿವೆ. ಎಡ-ಬಲ ಮಾಡಿಫೈಯರ್ ಹಾಕಿದ ಎರಡು ಸಾಲು ಬೇಕು ಎನ್ನುವವೂ ಇವೆ. ಒಂದೇ ಕೆಲಸಕ್ಕೆ ವಿಮಾ ಕಂಪನಿಗೊಂದು ರೀತಿ. ಬಿಲ್ ಮಾಡುವ ಮೇಜಿನ ಪಕ್ಕದಲ್ಲಿ ಅವುಗಳ ಪಟ್ಟಿಯನ್ನೇ ಅಂಟಿಸಿಕೊಳ್ಳಬೇಕಾಗುತ್ತದೆ.

ಮೆಡಿಕೇರಿನ ವಾದ ಒಪ್ಪುವಂತಿಲ್ಲ. ಎರಡೂ ಕಿವಿಯಲ್ಲಿ ಗುಗ್ಗೆ ಇರುವುದು ಬೇರೆ, ಎರಡೂ ಕಿವಿಯಲ್ಲಿ ಅದು ಕಟ್ಟಿಕೊಂಡಿರುವುದು ಬೇರೆ. ಬಲಗಿವಿಗೆ ಮಾತ್ರ ಶ್ರವಣಯಂತ್ರ ಹಾಕಿಕೊಳ್ಳುವ ವೃದ್ಧೆಗೆ ಬಲಗಿವಿಯೇ ಮುಚ್ಚುತ್ತದೆ. ಎರಡನ್ನೂ ಬಿಡಿಸಿದ ವೈದ್ಯರಿಗೆ ಸಮಯವೂ ಅಪಾಯವೂ ಇಮ್ಮಡಿ. ಸರಾಸರಿಯ ಲೆಕ್ಕದಲ್ಲಿ ಒಂದೇ ದರ ಸರಿಹೋಗಬಹುದು, ಆದರೆ ಎರಡನೇ ಕಿವಿಗೆ ಇನ್ನೊಂದು ದಿನ ಬನ್ನಿ ಎಂದು ಹೇಳಲು ಅದೇ ಲೆಕ್ಕ ನೆಪವಾಗುತ್ತದೆ. ನಡೆಯಲು ಕಷ್ಟಪಡುವ ರೋಗಿಗೆ ಆ ಇನ್ನೊಂದು ದಿನ ದೊಡ್ಡ ಹೊರೆ.

ಭೇಟಿಯ ಶುಲ್ಕ ಮತ್ತು ಮಾಡಿಫೈಯರ್ 25

ಈ ವಿಷಯದಲ್ಲಿ ಬಹಳ ಜಗಳ ನಡೆಯುವುದು ಇಲ್ಲಿ. ವೈದ್ಯರ ಭೇಟಿಗೆ ಪ್ರತ್ಯೇಕ ಕೋಡುಗಳಿವೆ. ಹೊಸ ರೋಗಿಗೆ 99202ರಿಂದ 99205, ಹಳೆಯ ರೋಗಿಗೆ 99211ರಿಂದ 99215. 2021ರ ಜನವರಿಯಿಂದ ಇವುಗಳ ಮಟ್ಟವನ್ನು ವೈದ್ಯಕೀಯ ನಿರ್ಧಾರದ ಕ್ಲಿಷ್ಟತೆ ಅಥವಾ ಆ ದಿನ ಕಳೆದ ಒಟ್ಟು ಸಮಯದ ಮೇಲೆ ತೀರ್ಮಾನಿಸಲಾಗುತ್ತದೆ. ಗುಗ್ಗೆ ತೆಗೆದ ಸಮಯಕ್ಕೆ ಬೇರೆ ಬಿಲ್ ಇರುವುದರಿಂದ ಅದನ್ನು ಈ ಸಮಯದಲ್ಲಿ ಸೇರಿಸುವಂತಿಲ್ಲ.

69210 ಸಣ್ಣ ಶಸ್ತ್ರಚಿಕಿತ್ಸೆಯ ಗುಂಪಿಗೆ ಸೇರಿದ್ದು. ಅಂಥ ಕೆಲಸದ ದರದಲ್ಲಿ ಮೊದಲು ಕಿವಿ ನೋಡಿದ್ದು, ತೆಗೆಯಬೇಕು ಎಂದು ನಿರ್ಧರಿಸಿದ್ದು, ಆಮೇಲೆ ಮತ್ತೊಮ್ಮೆ ನೋಡಿದ್ದು ಎಲ್ಲ ಸೇರಿರುತ್ತವೆ. ಕಿವಿ ಮುಚ್ಚಿದೆ ಎಂದು ಬಂದು, ಗುಗ್ಗೆ ತೆಗೆಸಿಕೊಂಡು, ಬೇರೇನೂ ಇಲ್ಲದೆ ಹೋದವರಿಗೆ ಭೇಟಿಯ ಕೋಡ್ ಹಾಕಬಾರದು. ಮೊದಲ ಸಲ ಬಂದ ರೋಗಿ ಎಂಬುದೂ ಕಾರಣವಾಗದು ಎಂದು ಮೆಡಿಕೇರಿನ ಕೋಡಿಂಗ್ ನೀತಿ ಸ್ಪಷ್ಟವಾಗಿ ಹೇಳುತ್ತದೆ. ಅದೇ ದಿನ ಬೇರೆ ಸಮಸ್ಯೆಯನ್ನು ನಿಜವಾಗಿಯೂ ನೋಡಿ, ಪ್ರತ್ಯೇಕವಾಗಿ ಗುರುತಿಸಬಹುದಾದ ಗಣನೀಯ ಕೆಲಸ ಮಾಡಿದ್ದರೆ ಭೇಟಿಯ ಕೋಡಿಗೆ ಮಾಡಿಫೈಯರ್ 25 ಸೇರಿಸಿ ಬಿಲ್ ಮಾಡಬಹುದು. 25 ಹಾಕುವುದು ಭೇಟಿಯ ಕೋಡಿಗೆ, 69210ಕ್ಕೆ ಅಲ್ಲ. ಇದು ಹೊಸ ಕೋಡರುಗಳು ಮೇಲಿಂದ ಮೇಲೆ ಎಡವುವ ಜಾಗ. ಎರಡು ಸಾಲಿಗೆ ಬೇರೆ ಬೇರೆ ರೋಗನಿದಾನ ಇರಲೇಬೇಕು ಎಂದು ಸಿಪಿಟಿ ಕೇಳುವುದಿಲ್ಲ. ಆದರೂ ಬೇರೆ ಇದ್ದರೆ ವಾದಕ್ಕೆ ಬಲ ಬರುತ್ತದೆ.

ಒಂದು ಮಾದರಿ ನೋಡೋಣ. ಅರವತ್ತೆಂಟು ವರ್ಷದ ಹಳೆಯ ರೋಗಿಯೊಬ್ಬರು ರಕ್ತದೊತ್ತಡದ ತಪಾಸಣೆಗೆ ಬಂದಿದ್ದಾರೆ. ಮಾತ್ರೆ ತೆಗೆದುಕೊಂಡರೂ ಒತ್ತಡ ಹಿಡಿತಕ್ಕೆ ಬಂದಿಲ್ಲ, ವೈದ್ಯರು ಡೋಸ್ ಬದಲಿಸುತ್ತಾರೆ. ಹೊರಡುವಾಗ ರೋಗಿ, ನಾಲ್ಕು ದಿನದಿಂದ ಬಲಗಿವಿ ಮುಚ್ಚಿದೆ, ಫೋನಿನಲ್ಲಿ ಕೇಳಿಸುತ್ತಿಲ್ಲ ಎನ್ನುತ್ತಾರೆ. ವೈದ್ಯರ ಟಿಪ್ಪಣಿ ಹೀಗಿದೆ: ‘ಬಲಗಿವಿ: ಗಟ್ಟಿಯಾದ ಕಡುಕಂದು ಗುಗ್ಗೆ ನಾಳವನ್ನು ಪೂರ್ತಿ ಮುಚ್ಚಿದೆ, ತಮಟೆ ಕಾಣುತ್ತಿಲ್ಲ, ಕೇಳುವಿಕೆ ಕಡಿಮೆ. ಎಡಗಿವಿ: ನಾಳ ತೆರೆದಿದೆ, ತಮಟೆ ಸರಿಯಾಗಿದೆ. ರೋಗಿಯ ಒಪ್ಪಿಗೆ ಪಡೆದು ಒಟೋಸ್ಕೋಪಿನಲ್ಲಿ ನೋಡುತ್ತ ಬಲಗಿವಿಯ ಗುಗ್ಗೆಯನ್ನು ಕ್ಯುರೆಟ್ ಮತ್ತು ಫೋರ್ಸೆಪ್ಸಿನಿಂದ ನಾನೇ ತೆಗೆದೆ. ನಂತರ ತಮಟೆ ಪೂರ್ತಿ ಕಾಣುತ್ತಿದೆ, ತೂತಿಲ್ಲ, ರಕ್ತಸ್ರಾವ ಇಲ್ಲ. ಕೇಳುವಿಕೆ ಸುಧಾರಿಸಿದೆ ಎಂದು ರೋಗಿ ಹೇಳುತ್ತಾರೆ.’

ಈ ಟಿಪ್ಪಣಿಯಿಂದ, ವಿಮೆಯಿಂದ ಹಣ ಕೇಳುವ ಸಿಎಂಎಸ್-1500 ಅರ್ಜಿ ಹೀಗೆ ತುಂಬುತ್ತದೆ. ರೋಗನಿದಾನ ಬರೆಯುವ 21ನೇ ಅಂಕಣದಲ್ಲಿ ಮೊದಲು ರಕ್ತದೊತ್ತಡದ ಐ10, ನಂತರ ಎಚ್61.21. ಸೇವೆಗಳ ಮೊದಲ ಸಾಲಿನಲ್ಲಿ ಮಾಡಿಫೈಯರ್ 25 ಸೇರಿದ 99214, ಅದು ಐ10ರ ಕಡೆ ಬೊಟ್ಟು ಮಾಡುತ್ತದೆ. ಎರಡನೇ ಸಾಲಿನಲ್ಲಿ ಬಲಗಿವಿಯ ಗುರುತು ಆರ್‌ಟಿ ಸೇರಿದ 69210, ಅದು ಎಚ್61.21ರ ಕಡೆ. ಒತ್ತಡ ಹಿಡಿತದಲ್ಲಿದ್ದು ಅದೇ ಮಾತ್ರೆ ಮುಂದುವರಿಸಿದ್ದರೆ ಭೇಟಿ 99213ಕ್ಕೆ ಇಳಿಯುತ್ತಿತ್ತು. ರೋಗಿ ಕಿವಿಗೆಂದೇ ಬಂದಿದ್ದರೆ ಮೊದಲ ಸಾಲೇ ಇರುತ್ತಿರಲಿಲ್ಲ. ನರ್ಸ್ ನೀರು ಹಾಯಿಸಿದ್ದರೆ ಎರಡನೇ ಸಾಲು 69209 ಆಗುತ್ತಿತ್ತು. ಗಮನಿಸಬೇಕಾದದ್ದು, ಟಿಪ್ಪಣಿಯಲ್ಲಿ ಒಂದು ಮಾತೂ ಬಿಲ್ಲಿಗಾಗಿ ಸೇರಿಸಿದ್ದಲ್ಲ. ಮುಂದೆ ಈ ಕಿವಿಯಲ್ಲಿ ನೋವು ಬಂದರೆ ಬೇರೆ ವೈದ್ಯರು ಓದಬೇಕಾದ ಸಂಗತಿಗಳೇ ಅವು.

25ರ ದುರ್ಬಳಕೆ ಹಳೆಯ ದೂರು. ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2005ರ ವರದಿಯಲ್ಲಿ, 2002ರಲ್ಲಿ ಈ ಮಾಡಿಫೈಯರಿನೊಂದಿಗೆ ಮೆಡಿಕೇರ್ ಮಂಜೂರು ಮಾಡಿದ ಕ್ಲೈಮುಗಳಲ್ಲಿ ಶೇ. 35 ನಿಯಮಕ್ಕೆ ಹೊಂದಿರಲಿಲ್ಲ, ತಪ್ಪಾಗಿ ಹೋದ ಹಣ 53.8 ಕೋಟಿ ಡಾಲರ್ ಎಂದು ಹೇಳಿತು. ಇದು ಎಲ್ಲ ಬಗೆಯ ಕಾರ್ಯವಿಧಾನಗಳನ್ನೂ ಸೇರಿಸಿದ ಲೆಕ್ಕ. ಅತ್ತ ವಿಮಾ ಕಂಪನಿಗಳೂ ಒಮ್ಮೊಮ್ಮೆ ಅತಿಗೆ ಹೋದವು. ಆಂಥೆಮ್ ಕಂಪನಿ 2017ರಲ್ಲಿ 25 ಇರುವ ಭೇಟಿಗಳ ದರವನ್ನು ಅರ್ಧಕ್ಕೆ ಇಳಿಸುವುದಾಗಿ ಹೇಳಿತು. ವೈದ್ಯರ ಸಂಘಗಳು ಎದ್ದು ನಿಂತಾಗ ಕಡಿತವನ್ನು ಶೇ. 25ಕ್ಕೆ ತಗ್ಗಿಸಿ, 2018ರ ಫೆಬ್ರವರಿಯಲ್ಲಿ ಆಲೋಚನೆಯನ್ನೇ ಕೈಬಿಟ್ಟಿತು. ತಪ್ಪು ಮಾಡಿದವರನ್ನು ಹಿಡಿಯುವ ಬದಲು ಸರಿಯಾಗಿ ಬರೆದವರಿಗೂ ದಂಡ ಹಾಕುವ ದಾರಿ ಅದಾಗಿತ್ತು. ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ಶ್ರವಣ ಪರೀಕ್ಷೆಯ ದಿನ

ಗುಗ್ಗೆ ಮುಚ್ಚಿದ ಕಿವಿಯಲ್ಲಿ ಶ್ರವಣ ಪರೀಕ್ಷೆ ಮಾಡಿದರೆ ಫಲಿತಾಂಶ ನಂಬುವಂತಿರುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಮುನ್ನ ಗುಗ್ಗೆ ತೆಗೆಯುವುದು ರೂಢಿ. ಮೆಡಿಕೇರಿನ ಕಾನೂನಿನಲ್ಲಿ ಶ್ರವಣ ಪರೀಕ್ಷೆ ಮಾಡುವ ಆಡಿಯಾಲಜಿಸ್ಟರಿಗೆ ರೋಗಪತ್ತೆಯ ಪರೀಕ್ಷೆಗಷ್ಟೇ ಹಣ ಇದೆ. ಅವರು ತಾವೇ ಗುಗ್ಗೆ ತೆಗೆದರೆ ಅದು ಪರೀಕ್ಷೆಯ ದರದಲ್ಲೇ ಸೇರಿತು ಎಂದು ಲೆಕ್ಕ. ಅವರ ಕೈಮೀರಿದ ಗುಗ್ಗೆಯನ್ನು ಅದೇ ದಿನ ವೈದ್ಯರು ಬಂದು ತೆಗೆದುಕೊಟ್ಟರೆ ವೈದ್ಯರ ಹೆಸರಿನಲ್ಲಿ ಜಿ0268 ಬಿಲ್ ಆಗುತ್ತದೆ. ಅದರಲ್ಲಿ ಒಂದು ಕಿವಿ, ಎರಡು ಕಿವಿ ಎಂಬ ಭೇದ ಇಲ್ಲ. ತರಬೇತಿ ಪಡೆದ ಆಡಿಯಾಲಜಿಸ್ಟರ ಕೈಕೆಲಸಕ್ಕೆ ಬೆಲೆಯೇ ಇಲ್ಲದಂತೆ ಮಾಡಿರುವ ಈ ನಿಯಮ ಬದಲಾಗಬೇಕು.

ರೋಗಿಯ ಜೇಬು

ಮೆಡಿಕೇರಿನ ವಾರ್ಷಿಕ ಆರೋಗ್ಯ ಭೇಟಿಗೆ ರೋಗಿ ಏನನ್ನೂ ಕೊಡಬೇಕಿಲ್ಲ. ಅದೇ ಭೇಟಿಯಲ್ಲಿ ಕಟ್ಟಿಕೊಂಡ ಗುಗ್ಗೆಯನ್ನು ತೆಗೆದರೆ ಆ ಸಾಲಿಗೆ ಡಿಡಕ್ಟಿಬಲ್ ಅನ್ವಯವಾಗುತ್ತದೆ, ಅದು ಮುಗಿದಿದ್ದರೆ ಶೇ. 20 ರೋಗಿಯ ಪಾಲು. ‘ಉಚಿತ ತಪಾಸಣೆ’ ಎಂದು ಹೋದವರಿಗೆ ಹತ್ತು ಡಾಲರ್ ಬಿಲ್ ಬಂದರೂ ಸಿಟ್ಟು ಬರುತ್ತದೆ. ಅದು ಹಣದ ಮೊತ್ತಕ್ಕಿಂತ, ಮೊದಲೇ ಯಾರೂ ಹೇಳಲಿಲ್ಲ ಎಂಬುದಕ್ಕೆ ಬರುವ ಸಿಟ್ಟು.

ವಿಮೆ ಇಲ್ಲದವರಿಗೆ, ಸ್ವಂತ ಹಣ ಕೊಡುವವರಿಗೆ 2022ರ ಜನವರಿಯಿಂದ ಜಾರಿಯಾದ ‘ನೋ ಸರ್‌ಪ್ರೈಸಸ್’ ಕಾಯ್ದೆ ಒಂದು ಹಕ್ಕು ಕೊಟ್ಟಿದೆ. ಮುಂಚಿತವಾಗಿ ಗೊತ್ತುಮಾಡಿಕೊಂಡ ಭೇಟಿಗೆ ಅಂದಾಜು ಖರ್ಚನ್ನು ಬರಹದಲ್ಲಿ ಕೇಳಬಹುದು. ಬಿಲ್ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚು ಏರಿದರೆ ತಕರಾರು ಹೂಡಬಹುದು. ಮಕ್ಕಳ ಮನೆಗೆಂದು ಕರ್ನಾಟಕದಿಂದ ಹೋಗಿ ಕೆಲವು ತಿಂಗಳು ಇರುವ ತಂದೆತಾಯಿಯರಿಗೆ ಮೆಡಿಕೇರ್ ಇರುವುದಿಲ್ಲ, ಪ್ರವಾಸಿ ವಿಮೆಯ ಷರತ್ತುಗಳು ಬಿಗಿಯಾಗಿರುತ್ತವೆ. ವಿಮಾನದಿಂದ ಇಳಿದ ಮೇಲೆ ಕಿವಿ ಮುಚ್ಚಿದೆ ಎನ್ನುವ ಹಿರಿಯರನ್ನು ಕ್ಲಿನಿಕ್ಕಿಗೆ ಕರೆದೊಯ್ಯುವ ಮುನ್ನ, ನಗದು ಕೊಡುವವರಿಗೆ ಭೇಟಿಯ ದರ ಎಷ್ಟು, 69210ಕ್ಕೆ ಎಷ್ಟು ಎಂದು ಎರಡನ್ನೂ ಫೋನಿನಲ್ಲಿ ಕೇಳಿಕೊಳ್ಳುವುದು ಜಾಣತನ. ನಮ್ಮೂರಿನಲ್ಲಿ ವೈದ್ಯರ ಕೈಗೇ ಫೀಸು ಕೊಟ್ಟು ಬರುವ ಅಭ್ಯಾಸದವರಿಗೆ, ತಿಂಗಳ ಮೇಲೆ ಅಂಚೆಯಲ್ಲಿ ಬರುವ ಎರಡನೇ ಬಿಲ್ ಅರ್ಥವಾಗುವುದು ಕಷ್ಟ.

ತಿರಸ್ಕಾರ ಮತ್ತು ಮೇಲ್ಮನವಿ

ಕ್ಲೈಮ್ ತಿರಸ್ಕಾರವಾದಾಗ ಕಂಪನಿ ಕಾರಣದ ಸಂಖ್ಯೆಯೊಂದನ್ನು ಕಳಿಸುತ್ತದೆ. 97 ಎಂದರೆ ಈ ಸೇವೆಯ ಹಣ ಬೇರೆ ಸೇವೆಯಲ್ಲೇ ಸೇರಿದೆ ಎಂದು. ಮಾಡಿಫೈಯರ್ 25 ಬಿಟ್ಟುಹೋದ ಭೇಟಿಗೆ ಬರುವುದು ಇದೇ. 4 ಎಂದರೆ ಮಾಡಿಫೈಯರ್ ಹೊಂದುತ್ತಿಲ್ಲ. 50 ಎಂದರೆ ವೈದ್ಯಕೀಯ ಅಗತ್ಯ ಕಾಣಲಿಲ್ಲ. ಮೊದಲ ಎರಡನ್ನು, ಟಿಪ್ಪಣಿಯ ಬೆಂಬಲವಿದ್ದರೆ, ತಿದ್ದಿದ ಕ್ಲೈಮ್ ಕಳಿಸಿ ಸರಿಪಡಿಸಬಹುದು. ಮೂರನೆಯದಕ್ಕೆ ಟಿಪ್ಪಣಿಯನ್ನೇ ಲಗತ್ತಿಸಿ ವಾದಿಸಬೇಕು. ಮೆಡಿಕೇರಿನಲ್ಲಿ ಸೇವೆ ಕೊಟ್ಟ ದಿನದಿಂದ ಒಂದು ವರ್ಷದೊಳಗೆ ಕ್ಲೈಮ್ ಹೋಗಬೇಕು, ಮೊದಲ ಹಂತದ ಮೇಲ್ಮನವಿಗೆ 120 ದಿನ ಇದೆ. ಐವತ್ತು ಡಾಲರಿಗಾಗಿ ಇಷ್ಟು ಓಡಾಟ ಏಕೆ ಎಂದು ಕೈಬಿಡುವ ಕ್ಲಿನಿಕ್ಕುಗಳೂ ಇವೆ. ತಿಂಗಳಿಗೆ ನಲವತ್ತು ಕಿವಿ ನೋಡುವ ಕಡೆ ಆ ಉದಾಸೀನ ದುಬಾರಿ.

ಬೆಂಗಳೂರಿನ ಮೇಜು

ಅಮೆರಿಕದ ಕೋಡಿಂಗ್ ಮತ್ತು ಬಿಲ್ಲಿಂಗ್ ಕೆಲಸದ ಒಂದು ಭಾಗ ಭಾರತಕ್ಕೆ ಬಂದು ಎರಡು ದಶಕ ದಾಟಿದೆ. ಇಂಥ ಕೆಲಸ ಮಾಡುವ, 2003ರಲ್ಲಿ ಆರಂಭವಾದ ಒಮೆಗಾ ಹೆಲ್ತ್‌ಕೇರ್‌ನ ಕಚೇರಿ ಬೆಂಗಳೂರಿನಲ್ಲಿದೆ. ಫಾರ್ಮಸಿ, ನರ್ಸಿಂಗ್, ಜೀವವಿಜ್ಞಾನ ಓದಿದ ಯುವಕ ಯುವತಿಯರು ಈ ಕ್ಷೇತ್ರಕ್ಕೆ ಬರುತ್ತಾರೆ. 1988ರಲ್ಲಿ ಸ್ಥಾಪನೆಯಾದ, ಕೋಡರುಗಳಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಎಎಪಿಸಿ ಸಂಸ್ಥೆಯ ಸಿಪಿಸಿ ಪರೀಕ್ಷೆ ಪಾಸಾದರೆ ಸಂಬಳವೂ ಹುದ್ದೆಯೂ ಮೇಲೇರುತ್ತವೆ. ಕೋಡರುಗಳು ಬಹುಮಟ್ಟಿಗೆ ಹಗಲು ಪಾಳಿಯವರು. ವಿಮಾ ಕಂಪನಿಗೆ ಫೋನ್ ಮಾಡಿ ಹಣ ಏಕೆ ಬಂದಿಲ್ಲ ಎಂದು ಕೇಳುವ ಎಆರ್ ಕಾಲರುಗಳದ್ದು ಅಮೆರಿಕದ ಹಗಲಿಗೆ ಹೊಂದಿಸಿದ ರಾತ್ರಿ ಪಾಳಿ.

ಈ ಮೇಜಿನ ಮೇಲೆ ಗುಗ್ಗೆಯ ಚಾರ್ಟ್ ಬಂದಾಗ ಕೋಡರ್ ಮೊದಲು ಹುಡುಕುವುದು ನಾಲ್ಕು ಸಂಗತಿ: ಗುಗ್ಗೆ ಕಟ್ಟಿಕೊಂಡಿತ್ತೇ, ಯಾವ ಕಿವಿ, ಏನು ಬಳಸಿ ತೆಗೆದರು, ತೆಗೆದವರು ಯಾರು. ಒಂದು ಇಲ್ಲದಿದ್ದರೂ ಊಹೆ ಮಾಡಿ ತುಂಬುವಂತಿಲ್ಲ. ವೈದ್ಯರಿಗೆ ಕ್ವೆರಿ ಕಳಿಸಬೇಕು. ಅದರಲ್ಲೂ ಶಿಸ್ತು ಇದೆ. ‘ಸಲಕರಣೆ ಬಳಸಿದ್ದೀರಿ ಅಲ್ಲವೇ’ ಎಂದು ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳಬಾರದು. ‘ಗುಗ್ಗೆಯನ್ನು ಯಾವ ವಿಧಾನದಿಂದ ತೆಗೆದಿರಿ, ದಯವಿಟ್ಟು ಸ್ಪಷ್ಟಪಡಿಸಿ’ ಎಂದು ಕೇಳಬೇಕು. ವೈದ್ಯರು ಹಳೆಯ ಟಿಪ್ಪಣಿಯನ್ನು ಅಳಿಸುವಂತಿಲ್ಲ. ಬಿಟ್ಟುಹೋದ ಮಾತನ್ನು ಸೇರ್ಪಡೆ ಎಂದು ಗುರುತಿಸಿ, ಅಂದಿನ ದಿನಾಂಕ ಮತ್ತು ಸಹಿಯೊಂದಿಗೆ ಬರೆಯಬೇಕು, ಮೂಲ ಟಿಪ್ಪಣಿ ಹಾಗೆಯೇ ಉಳಿಯಬೇಕು. ಉತ್ತರ ಬಾರದಿದ್ದರೆ 69210ರ ಸಾಲನ್ನು ಕೈಬಿಟ್ಟು, ಟಿಪ್ಪಣಿಯಲ್ಲಿ ಇರುವುದಕ್ಕಷ್ಟೇ ಕೋಡ್ ಹಾಕಿ ಚಾರ್ಟನ್ನು ಮುಂದೆ ಕಳಿಸುತ್ತಾರೆ.